ನೀಲಿ ಕಾರಿನ ಸುಳಿ

ಟಪ್.

ರಾತ್ರಿ ಒಂದು ಹೊಡೆದು ಹೋಗಿತ್ತು. ಬೋರವ್ವ ಹಾಸಿಗೆಯಲ್ಲಿ ಕಣ್ಣು ಬಿಟ್ಟಳು. ನಲ್ಲಿಯ ಸದ್ದಲ್ಲ, ಜೋರಾಪುರ ಪೇಟೆಯ ನಲ್ಲಿಗಳಿಗೆ ಬೆಳಗಿನ ಜಾವದ ತನಕ ಜೀವ ಬರುವುದಿಲ್ಲ. ಇಲಿಯೂ ಅಲ್ಲ, ಇಲಿ ಇಷ್ಟು ಶಿಸ್ತಿನಿಂದ ಸದ್ದು ಮಾಡುವುದಿಲ್ಲ. ಉಸಿರು ಬಿಗಿಹಿಡಿದು ಕಾದಳು. ಮತ್ತೆ ಟಪ್. ಅಂಗಳದಿಂದ.

ಗಂಡ ಅಮೋಘಿ ಮನೆಯಲ್ಲಿರಲಿಲ್ಲ. ಬಬಲೇಶ್ವರದ ದನದ ದವಾಖಾನೆಗೆ ಡಾಕ್ಟರಾಗಿ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಯಾವುದೋ ಎಮ್ಮೆ ಈಯುವುದು ತಡವಾದರೆ ಕಡೆಯ ಬಸ್ಸು ತಪ್ಪುತ್ತಿತ್ತು, ಆತ ಅಲ್ಲೇ ಉಳಿಯುತ್ತಿದ್ದ. ಕಾರಿನ ಮಾತು ಎದ್ದದ್ದು ಅದಕ್ಕೇ. ಎಪ್ಪತ್ತಾರನೆಯ ಇಸವಿ, ಹೊಸ ಕಾರು ಬೇಕೆಂದರೆ ಹೆಸರು ಬರೆಸಿ ವರ್ಷಗಟ್ಟಲೆ ದಾರಿ ಕಾಯಬೇಕು. ಹಾಗಾಗಿ ಎದುರಿನ ಗ್ಯಾರೇಜಿನ ಕಾಸಿಮಸಾಬ ತನ್ನಲ್ಲಿ ಮಾರಾಟಕ್ಕೆ ಬಂದಿದ್ದ ಎರಡು ಹಳೆಯ ಸಣ್ಣ ಕಾರುಗಳನ್ನು ಆ ಸಂಜೆ ಇವರ ಅಂಗಳಕ್ಕೇ ತಂದು ನಿಲ್ಲಿಸಿದ್ದ.

"ಎರಡ ದಿನಾ ಮನ್ಯಾಗ ಇಟ್ಕೊಂಡ ನೋಡ್ರಿ ಅಕ್ಕೋರ," ಅಂದಿದ್ದ. ಬೋರವ್ವ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕಲಿಸುತ್ತಿದ್ದಳು; ಓಣಿಯವರಿಗೆಲ್ಲ ಆಕೆ ಅಕ್ಕೋರು. "ಹೆಣ್ಣ ನೋಡಿದಂಗ ಅರ್ಧ ತಾಸಿನ್ಯಾಗ ಮುಗಿಸೂ ಕೆಲಸಲ್ಲ ಇದು."

ಒಂದು ಕೆನೆ ಬಣ್ಣದ್ದು. ಮದುವೆಗೆ ಹೊರಟವರ ಹಾಗೆ ಥಳಥಳ ಹೊಳೆಯುತ್ತಿತ್ತು. ಇನ್ನೊಂದು ನೀಲಿ. ಅದರ ಬೆನ್ನು ಮೊಟಕು, ಬೇರೆ ಡಿಕ್ಕಿ ಇಲ್ಲ. ಹಿಂದಿನ ಬಾಗಿಲೇ ಗಾಜುಸಮೇತ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಡಾಕ್ಟರ ಪೆಟ್ಟಿಗೆ, ಒಂದು ಚೀಲ ಹಿಂಡಿ, ಬೇಕಾದರೆ ಕಾಲು ಮುರಿದ ಒಂದು ಆಡು, ಎಲ್ಲ ಅದರಲ್ಲಿ ಹಿಡಿಯುತ್ತಿತ್ತು. ಬೋರವ್ವನ ಮನಸ್ಸು ನೀಲಿಗೇ ಬಿದ್ದಿತ್ತು. ಆದರೆ ಅದಕ್ಕೆ ಬಬಲೇಶ್ವರದ ಯಾರೋ ಮೊದಲೇ ಸಂಚಕಾರದ ಮುಂಗಡ ಹಣ ಕೊಟ್ಟಿದ್ದರು. ಅವರ ಮನೆಯ ಹಿರಿಯಳು ಬಂದು ಕಣ್ಣಾರೆ ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಆಕೆ ಬೇಡವೆಂದರೆ ಇವರಿಗೆ.

ಬೋರವ್ವ ತಲೆದಿಂಬಿನ ಕೆಳಗಿನ ಬ್ಯಾಟರಿ ತೆಗೆದುಕೊಂಡು ಅಂಗಳಕ್ಕಿಳಿದಳು. ಫರಸಿಕಲ್ಲಿನ ನೆಲ ಹೊಲಸಾಗಬಾರದೆಂದು ಎರಡೂ ಕಾರುಗಳ ಕೆಳಗೆ ಅವಳೇ ಹಳೆಯ ಪೇಪರು ಹಾಸಿದ್ದಳು. ಕೆನೆ ಬಣ್ಣದ ಕಾರಿನ ಹಿಂದಿನ ಗಾಲಿಯ ಒಳಮಗ್ಗುಲಲ್ಲಿ ಪೇಪರು ನೆನೆದಿತ್ತು. ಬೆಳಕು ಬಿಟ್ಟು ನೋಡುತ್ತಿದ್ದಂತೆ ಇನ್ನೊಂದು ಹನಿ ತುಂಬಿಕೊಂಡು, ತೂಗಿ, ಬಿತ್ತು. ಬೆರಳಿಗೆ ಹಚ್ಚಿ ಮೂಸಿದಳು. ಔಡಲೆಣ್ಣೆಗೆ ಸ್ಪಿರಿಟ್ ಕೂಡಿಸಿದಂಥ ವಾಸನೆ.

ಅದು ಏನೆಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಸಾಮಾನು ಮನೆಯೊಳಗೆ ಬರುವುದೆಂದರೆ ಬೋರವ್ವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಸಂಜೆಯೇ ಒಂದು ನೋಟ್‌ಬುಕ್ಕು ಹಿಡಿದು ಕಾಸಿಮಸಾಬನ ತಲೆ ತಿಂದಿದ್ದಳು. ಆತ ಬೇಸರಿಸದೆ ಡಬ್ಬಿಯೊಂದರ ಮುಚ್ಚಳ ತೆಗೆದು ಮೂಗಿಗೆ ಹಿಡಿದಿದ್ದ. "ಇದು ಬ್ರೇಕಿನ ಎಣ್ಣಿರಿ. ಇದು ಸೋರಿ ಹೋತಂದ್ರ ನೀವು ಎಷ್ಟ ತುಳದ್ರೂ ಗಾಡಿ ನಿಂದ್ರಂಗಿಲ್ಲ. ಮತ್ತ ಹುಷಾರ್ರಿ, ಗಾಡಿ ಬಣ್ಣದ ಮ್ಯಾಲ ಬಿದ್ರ ಬಣ್ಣಾ ತಿಂತೈತಿ." ಆ ಮಾತನ್ನೂ ಅವಳು ಬರೆದುಕೊಂಡಿದ್ದಳು.

ಅಡುಗೆಮನೆಯಿಂದ ಸಾರಿನ ವಾಟಿ ತಂದು ಹನಿಯ ಕೆಳಗಿಟ್ಟಳು. ಬೆಳಗಾದ ಕೂಡಲೇ ಕಾಸಿಮಸಾಬನಿಗೆ ತೋರಿಸಬೇಕು. ಬಾಗಿಲ ಚಿಲಕ ಹಾಕಿದ್ದೇನೆಯೇ ಎಂದು ಎರಡು ಸಲ ಎದ್ದು ನೋಡಿ ಮಲಗಿದಳು. ಸ್ಟೀಲಿನ ವಾಟಿಗೆ ಬಿದ್ದ ಹನಿ ಈಗ ಬೇರೆ ಸ್ವರದಲ್ಲಿ ಕೇಳುತ್ತಿತ್ತು.

ಬೆಳಗ್ಗೆ ಕಾಸಿಮಸಾಬ ತಾನಾಗಿಯೇ ಬಂದ. ಅವಳು ಬಾಯಿ ತೆರೆಯುವ ಮೊದಲೇ ಅಂದ:

"ಅಕ್ಕೋರ, ಬಬಲೇಶ್ವರದವರು ಇವತ್ತ ಬರಾಕತ್ತಾರಂತ. ಜೀಪ್ ಮಾಡ್ಕೊಂಡ ಹತ್ತು ಗಂಟೆಕ್ಕ. ಗಾಡಿ ಇಲ್ಲೇ ನಿಮ್ಮ ಅಂಗಳದಾಗ ತೋರಸಲೇನ್ರಿ? ನನ್ನ ಅಂಗಡ್ಯಾಗ ಮುದುಕಿ ಕುಂದ್ರಾಕ ಜಾಗಾ ಇಲ್ಲ. ಮೊಣಕಾಲ ಹಿಡದಾವಂತ ಆಕಿಗೆ, ಬಸ್ಸಿನ ಪಾವಟಿಗಿ ಹತ್ತಾಕ ಆಗಂಗಿಲ್ಲ, ಅದಕ್ಕ ಸಣ್ಣ ಗಾಡಿ ಬೇಕಂತ."

"ಯಾರು ಅವರು?"

"ಅಮಸಿದ್ದ ಅಂತ್ರಿ. ಕುರಿ ಯಾಪಾರ. ಅವನ ತಾಯಿ ಹುಚ್ಚವ್ವ. ಆ ಕಡೆ ಯಾರ ಎತ್ತ ತಗೊಂಡ್ರೂ ಆಕೀನ ಕರ್ಕೊಂಡ ಹೋಗಿ ತೋರಸ್ತಾರಂತ. ಅಂಥಾ ಕಣ್ಣಂತ."

ಬೋರವ್ವ ಬಾಯಿ ಮುಚ್ಚಿದಳು. ನಾಲಿಗೆಯ ತುದಿಗೆ ಬಂದಿದ್ದ ವಾಟಿಯ ಮಾತು ಹಾಗೆಯೇ ಗಂಟಲಿಗೆ ಇಳಿಯಿತು.

"ತೋರಸ್ರಿ," ಅಂದಳು. "ಬ್ಯಾಡ ಅಂದವರ್ಯಾರು? ಚಹಾ ನಾನ ಮಾಡತೇನಿ."

ಆರು ವರ್ಷದ ಹಿಂದೆ ಬೋರವ್ವ ಧಾರವಾಡದ ಹಾಸ್ಟೆಲ್ಲಿನಲ್ಲಿ ಬಿ.ಎ. ಪರೀಕ್ಷೆಗೆ ಓದುತ್ತಿದ್ದಾಗ, ಟಿಕೋಟದ ತವರಿನಲ್ಲಿ ತಂಗಿ ಮಲಕವ್ವನ ನಿಶ್ಚಯ ನಡೆದಿತ್ತು. ಅಕ್ಕ ಓದುತ್ತಿದ್ದಾಳೆ, ತಂಗಿಗೆ ಒಳ್ಳೆಯ ಮನೆ ಕೂಡಿ ಬಂದಿದೆ, ಯಾಕೆ ಬಿಡಬೇಕು ಎಂದು ಅಪ್ಪ ಮುಂದಾಗಿದ್ದ. ವರ ಇದೇ ಅಮಸಿದ್ದ. ಸಕ್ಕರೆ ಹಂಚಿಯಾಗಿತ್ತು. ಹೂ ಮುಡಿಸಲು ಹುಚ್ಚವ್ವ ಮಲಕವ್ವನ ಜಡೆ ಎತ್ತಿದಳು. ಅವಳ ಬೆರಳು ಕುತ್ತಿಗೆಯ ಹಿಂಭಾಗದಲ್ಲಿ ನಿಂತುಬಿಟ್ಟಿತು. ಅಲ್ಲಿ ಕೂದಲು ಒಂದು ಸಣ್ಣ ಸುತ್ತು ಸುತ್ತಿಕೊಂಡು ಬೆಳೆದಿತ್ತು. ಸುಳಿ. ಎತ್ತು ಕೊಳ್ಳುವವರು ಮೈಯೆಲ್ಲ ತಡವಿ ಹುಡುಕುವುದು ಅದನ್ನೇ. ಇರಬಾರದ ಜಾಗದಲ್ಲಿ ಇದ್ದರೆ ಎಂಥ ಎತ್ತನ್ನೂ ಯಾರೂ ಮುಟ್ಟುವುದಿಲ್ಲ.

"ಗಂಡನ್ನ ತಿಂತೈತಿ ಇದು," ಅಂದಿದ್ದಳಂತೆ ಹುಚ್ಚವ್ವ. ಅಷ್ಟಕ್ಕೆ ಬಿಡಲಿಲ್ಲ. ಮಲಕವ್ವನನ್ನು ಬಾಗಿಲ ಬೆಳಕಿಗೆ ಬೆನ್ನು ಮಾಡಿ ಕೂರಿಸಿ, ಜಡೆ ಎತ್ತಿ ಹಿಡಿದು, ಬಂದಿದ್ದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ತೋರಿಸಿದ್ದಳು. ಬಾಯಿಗೆ ಹಾಕಿಕೊಂಡ ಸಕ್ಕರೆ ಕರಗುವ ಮೊದಲೇ ಗಂಡಿನ ಕಡೆಯವರು ತಾವು ತಂದ ಸೀರೆ, ಕುಪ್ಪಸ ಗಂಟು ಕಟ್ಟಿಕೊಂಡು ಹೊರಟುಹೋದರು. ಅಮಸಿದ್ದ ತಲೆ ಎತ್ತಲಿಲ್ಲವಂತೆ.

ಬೋರವ್ವ ಟಿಕೋಟಕ್ಕೆ ಬಂದದ್ದು ಮೂರು ದಿನದ ಮೇಲೆ. ಅಂದಿನಿಂದ ಇಂದಿನವರೆಗೆ ಮಲಕವ್ವ ಸೆರಗನ್ನು ಕುತ್ತಿಗೆಗೆ ಸುತ್ತಿಕೊಳ್ಳದೆ ಹೊಸ್ತಿಲು ದಾಟಿಲ್ಲ, ಚೈತ್ರದ ಬಿಸಿಲಿನಲ್ಲೂ. ಮತ್ತೆ ಯಾವ ಗಂಡೂ ಬರಲಿಲ್ಲ. ಊರಿನ ಮದುಮಕ್ಕಳ ಕುಪ್ಪಸ ಹೊಲಿಯುತ್ತ ಕೂತಿದ್ದಾಳೆ. ತಾನಲ್ಲಿ ಇದ್ದಿದ್ದರೆ ಎಂದು ಬೋರವ್ವ ಎಷ್ಟು ರಾತ್ರಿ ಹಲ್ಲು ಕಚ್ಚಿದ್ದಾಳೋ! ಒಂದೇ ಒಂದು ದಿನ ಆ ಮುದುಕಿ ತನ್ನ ಕೈಗೆ ಸಿಗಲಿ ಎಂದು ಬೇಡಿಕೊಂಡಿದ್ದಳು. ಇವತ್ತು ಸಿಕ್ಕಿದ್ದಳು, ತಾನಾಗಿ ಬಾಗಿಲಿಗೆ ಬಂದು. ಡಾಕ್ಟರ ಹೆಂಡತಿ ಎಂದಷ್ಟೇ ಗೊತ್ತು ಅವರಿಗೆ. ಯಾರ ಮಗಳೆಂದು ಗೊತ್ತಿಲ್ಲ.

ಕಾಸಿಮಸಾಬ ಅತ್ತ ಹೋದದ್ದೇ ಬೋರವ್ವ ದೊಡ್ಡ ಬಾಗಿಲು ಹಾಕಿದಳು. ವಾಟಿಯ ತಳ ಮುಚ್ಚುವಷ್ಟು ಎಣ್ಣೆ ಕೂಡಿತ್ತು. ಚಿಂದಿಯೊಂದನ್ನು ಬೆರಳಿಗೆ ಸುತ್ತಿ, ಅದ್ದಿ, ನೀಲಿ ಕಾರಿನ ಬಾನೆಟ್ಟಿನ ನಟ್ಟನಡುವೆ ಇಟ್ಟು, ಒಳಗಿನಿಂದ ಹೊರಕ್ಕೆ ಸುತ್ತು ಎಳೆದಳು. ಒಂದು, ಎರಡು, ಮೂರು ಸುತ್ತು. ಸ್ವಲ್ಪ ಹೊತ್ತು ಬಿಟ್ಟು ಒದ್ದೆ ಅರಿವೆಯಿಂದ ಒರೆಸಿದಾಗ ಬಣ್ಣದ ಹೊಳಪು ಅಷ್ಟು ಜಾಗದಲ್ಲಿ ಸತ್ತು, ಹಸಿ ಕೂದಲು ಸುತ್ತಿಕೊಂಡ ಹಾಗೆ ಒಂದು ಸುಳಿ ಉಳಿದಿತ್ತು. ನೆರಳಿನಲ್ಲಿ ಕಾಣುತ್ತಿರಲಿಲ್ಲ. ಬಿಸಿಲು ಬಿದ್ದರೆ ಕಾಣುತ್ತಿತ್ತು.

ಮುದುಕಿ ನೀಲಿ ಬಿಟ್ಟು ಕೆನೆ ಬಣ್ಣದ್ದನ್ನು ತೆಗೆದುಕೊಳ್ಳುತ್ತಾಳೆ. ಅದರ ಬ್ರೇಕು ಪೇಟೆಯೊಳಗೆ ನಾಲ್ಕು ಸಲ ಹಿಡಿಯುತ್ತದೆ. ಸಾರವಾಡದ ಹತ್ತಿರ ಡೋಣಿ ಹೊಳೆಗೆ ಇಳಿಯುವ ರಸ್ತೆಯಲ್ಲಿ… ಆ ಯೋಚನೆಯನ್ನು ಬೋರವ್ವ ಪೂರ್ತಿ ಮಾಡಲಿಲ್ಲ. ಅರ್ಧಕ್ಕೆ ಬಿಟ್ಟಳು. ಅಳಿಸಿ ಹಾಕಲೂ ಇಲ್ಲ. ವಾಟಿಯನ್ನು ಒಲೆಯ ಹಿಂದೆ ಸರಿಸಿ ಚಹಾಕ್ಕೆ ನೀರಿಟ್ಟಳು.

ಹತ್ತೂವರೆಗೆ ಜೀಪು ಬಂತು. ಹುಚ್ಚವ್ವನನ್ನು ಮಗ ಹೆಚ್ಚುಕಡಿಮೆ ಎತ್ತಿಯೇ ಇಳಿಸಿದ. ಮುದುಕಿ ದಪ್ಪಗಿದ್ದಳು, ಹಣೆಯ ತುಂಬ ಭಂಡಾರದ ಅರಿಶಿನ, ಕಣ್ಣು ಮಾತ್ರ ಸೂಜಿ. ಬೋರವ್ವ ಆ ಬಲಗೈಯ ತೋರುಬೆರಳನ್ನೇ ನೋಡಿದಳು. ಹಿಂದಿನಿಂದ ಐದು ವರ್ಷದ ಹುಡುಗಿಯೊಬ್ಬಳು ಜಿಗಿದಳು, ಮೊಮ್ಮಗಳು, ಸಾವಂತ್ರವ್ವ. ಮೋಟು ಕೂದಲನ್ನೇ ಹಿಂದಕ್ಕೆ ಎಳೆದು ಕುತ್ತಿಗೆಯ ಮೇಲೆ ಅಗಲವಾದ ಕೆಂಪು ರಿಬ್ಬನ್ನು ಬಿಗಿದಿದ್ದರು.

"ಬರ್ರಿ ಯವ್ವಾ, ನೀರ ಕುಡೀರಿ, ದಣದ ಬಂದೀರಿ," ಎಂದು ಬೋರವ್ವ ಬೆಲ್ಲ ನೀರು ಕೊಟ್ಟಳು.

"ಡಾಕ್ಟರ ಮನಿಯಾಕಿ ನೀನ ಏನ ತಂಗಿ? ನಿನ್ನ ಗಂಡ ಬಂದ ಮ್ಯಾಲ ನಮ್ಮೂರಾಗ ಒಂದ ಎಮ್ಮಿ ಸತ್ತಿಲ್ಲ ನೋಡ. ಚಲೋ ಕೈಗುಣ," ಅಂದಳು ಹುಚ್ಚವ್ವ. ಆಮೇಲೆ ಕಾರಿನ ಕಡೆ ತಿರುಗಿದಳು. "ತೋರಸಪಾ ಸಾಬಣ್ಣ. ಎಷ್ಟ ಹಲ್ಲಿನ ಮಾಲು?"

"ಹಲ್ಲ ಒಳಗ ಗೇರಿನಾಗ ಅದಾವವ್ವಾ," ಕಾಸಿಮಸಾಬ ನಕ್ಕ. "ಬಾಯಿ ತಗದ್ರ ಕಾಣಂಗಿಲ್ಲ."

"ನಗಬ್ಯಾಡಲೇ. ಮೇವ ತಿನ್ನಲಿ, ಪೆಟ್ರೋಲ ಕುಡೀಲಿ, ಮನಿ ಬಾಗಲಕ್ಕ ಬಂದು ನಿಂದ್ರೂದಕ್ಕೆಲ್ಲ ಲಕ್ಷಣ ಇರತೈತಿ." ಮುದುಕಿ ಕೋಲೂರಿ ಸುತ್ತು ಹೊರಟಳು. ಟಾಯರನ್ನು ಗೊರಸು ತಟ್ಟಿದ ಹಾಗೆ ತಟ್ಟಿದಳು. ದೀಪದ ಗಾಜನ್ನು ಸೆರಗಿನಿಂದ ಒರೆಸಿ ಕಣ್ಣು ನೋಡಿದಳು. ಹಿಂದಿನ ಬಾಗಿಲು ಮೇಲೆತ್ತಿಸಿ, "ಚಲೋ ಐತಲಾ, ಕುಂಡಿ ಕಡೆಯಿಂದನೂ ಹತ್ತಬಹುದು," ಅಂದಳು. ಅಮಸಿದ್ದ ಸಂಕೋಚದಿಂದ ಅತ್ತಿತ್ತ ನೋಡಿದ. ಹುಡುಗಿ ಮಾತ್ರ ಅದೇ ಬಾಗಿಲಿಂದ ಒಳಗೆ ಹಾರಿ ಅಂಗಾತ ಮಲಗಿ, "ಯಪ್ಪಾ, ಇದ ತಗೊಳ್ಳೋಣು! ನಾ ಇಲ್ಲೇ ಮಕ್ಕೋತೇನಿ!" ಎಂದು ಕಾಲು ಬಡಿಯಿತು.

ಬಿಸಿಲು ಗೋಡೆ ದಾಟಿ ಬಾನೆಟ್ಟಿಗೆ ಬಂದಿತ್ತು. ಬೋರವ್ವ ಮುದುಕಿಯ ಮೊಣಕೈ ಹಿಡಿದು ಮೆಲ್ಲಗೆ ಮುಂದಕ್ಕೆ ಕರೆತಂದಳು.

"ನಾವು ಓದಿದವರು ಖರೆ, ಆದ್ರ ನಮಗೇನ ತಿಳೀತೈತಿರಿ ಇದೆಲ್ಲಾ? ನೀವ ನೋಡ್ರಿ. ನಿಮ್ಮಂಥಾ ಕಣ್ಣ ಯಾರಿಗದಾವು."

ಹುಚ್ಚವ್ವನ ಬೆರಳು ಬಾನೆಟ್ಟಿನ ಮೇಲೆ ಸರಿಯುತ್ತ ಬಂದು ನಡುವೆ ನಿಂತಿತು. ಅದೇ ಬೆರಳು. ಬೋರವ್ವನಿಗೆ ತಾನು ನೋಡದ ಆ ದಿನವನ್ನು ಈಗ ನೋಡಿದ ಹಾಗಾಯಿತು.

"ಅಮಸಿದ್ದಾ! ಬಾ ಇಲ್ಲೆ. ಏನಿದು?"

"ಏನೋ ಕಲಿ ಐತಿಬೇ."

"ಕಲಿ ಅಲ್ಲೋ ಮೂಳ, ಸುಳಿ! ಎಷ್ಟ ಚಂದ ಸುತ್ತೇತಿ ನೋಡು. ನಟ್ಟ ನಡು ನೆತ್ತಿ ಮ್ಯಾಲ. ಒಡಿಯನ್ನ ತಿಂತೈತಿ ಇದು!"

ಕಾಸಿಮಸಾಬ ಬಗ್ಗಿ, ಬೆರಳಿನಿಂದ ಒರೆಸಿ, ಮೂಸಿ ನೋಡಿದ. "ನಿನ್ನಿ ಇದ್ದಿದ್ದಿಲ್ಲಲ್ರಿ ಇದು…"

"ಹುಟ್ಟಾ ಬಂದದ್ದು ನಿನಗ ಕಂಡಿರಲಿಕ್ಕಿಲ್ಲ. ಕಾಣೂ ಕಣ್ಣ ಬ್ಯಾರೆ. ಬ್ಯಾಡ ತಗಿ, ಇದು ಬ್ಯಾಡ. ಅದನ್ನ ತೋರಸು." ಮುದುಕಿ ಕೆನೆ ಬಣ್ಣದ ಕಾರನ್ನು ಅಡಿಯಿಂದ ಮುಡಿವರೆಗೆ ತಡವಿದಳು. ಒಂದು ಮಚ್ಚೆಯೂ ಸಿಗಲಿಲ್ಲ. ಅದರ ಬೆನ್ನು ಚಪ್ಪರಿಸಿ, "ಬಂಗಾರದಂಥಾ ಲಕ್ಷಣ. ಇದ ಇರ್ಲಿ. ಇವತ್ತ ಇದರಾಗನ ಊರಿಗೆ ಹೋಗೋಣು," ಅಂದಳು.

ಬೋರವ್ವನ ಎದೆಯಲ್ಲಿ ಏನೋ ಒಂದು ತಣ್ಣಗಾಯಿತು. ಉಂಡಷ್ಟು ತೃಪ್ತಿ. ಹೋಗು, ಅಂದುಕೊಂಡಳು. ಸುಳಿ ಇಲ್ಲದ್ದರಲ್ಲಿ ಕೂತು ಹೋಗು.

"ಲೇ ಸಾವಂತ್ರಿ, ಇಳಿಯ ಅದರಾಗಿಂದ! ಸುಳಿ ಇದ್ದದ್ದರಾಗ ಕುಂದ್ರಬ್ಯಾಡ!" ಮುದುಕಿ ಕೂಗಿದಳು. ಹುಡುಗಿ ಇಳಿಯಲಿಲ್ಲ. ಬೋರವ್ವ ಹೋಗಿ, "ಬಾ ಯವ್ವಾ," ಎಂದು ಕಂಕುಳಿಗೆ ಕೈ ಹಾಕಿ ಎತ್ತಿದಳು. ರಿಬ್ಬನ್ನು ಬಾಗಿಲ ಕೊಂಡಿಗೆ ಸಿಕ್ಕಿ ಜಗ್ಗಿ ಬಿಚ್ಚಿಕೊಂಡಿತು. ಕೂದಲು ಸರಿದು, ಎಳೆಯ ಕುತ್ತಿಗೆ ಬೋರವ್ವನ ಕಣ್ಣಿಗೆ ಒಂದು ಗೇಣು ದೂರದಲ್ಲಿ ಬಂತು.

ಅಲ್ಲಿ ಒಂದು ಸುಳಿ ಇತ್ತು. ಮಲಕವ್ವನದಕ್ಕಿಂತ ದೊಡ್ಡದು. ಅದೇ ಜಾಗ.

ಬೋರವ್ವನಿಗೆ ಮೊದಲು ಬಂದದ್ದು ಮರುಕವಲ್ಲ, ಸಂತೋಷ. ಬಾಯಾರಿದವನಿಗೆ ಬಿಂದಿಗೆ ಸಿಕ್ಕ ಹಾಗೆ. ದೊಡ್ಡ ಬಾಗಿಲು ತೆರೆದೇ ಇತ್ತು. ಓಣಿಯ ಕಟ್ಟೆಯ ಮೇಲೆ ನೆರೆಮನೆಯ ಸಬೀರಾ, ಇಮಾಮಬಿ, ಇನ್ನೂ ನಾಲ್ವರು ಹೆಂಗಸರು ಕಾರಿನ ತಮಾಷೆ ನೋಡುತ್ತ ಕೂತಿದ್ದರು, ಜೀಪಿನವನೂ ಬಬಲೇಶ್ವರದವನೇ. ಈ ಕೂಸನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ, ಬರ್ರಿ, ನೋಡ್ರಿ ಎಂದರೆ ಸಾಕು. ಲೆಕ್ಕ ಸರಿಹೋಯಿತು. ಅವಳ ಕೈ ಹುಡುಗಿಯ ಹೆಗಲು ಹಿಡಿದು ಅರ್ಧ ತಿರುಗಿಸಿಯೂ ಬಿಟ್ಟಿತ್ತು.

ಅಷ್ಟರಲ್ಲಿ ಹುಡುಗಿ ಎರಡೂ ಅಂಗೈಯಿಂದ ಕುತ್ತಿಗೆ ಮುಚ್ಚಿಕೊಂಡಿತು. "ರಿಬ್ಬನ್ ಕಟ್ಟರಿ," ಎಂದು ಪಿಸುಗುಟ್ಟಿತು. "ಯಾರಿಗೂ ತೋರಸಬಾರದು. ಆಯಿ ಕಣ್ಣಾಗ ಖಾರ ಹಾಕತೇನಿ ಅಂದಾಳ."

ಮಲಕವ್ವ ಸೆರಗು ಸುತ್ತಿಕೊಳ್ಳುವಾಗಲೂ ಮೊದಲು ಹೀಗೆಯೇ ಕೈ ಇಡುತ್ತಿದ್ದಳು. ಹೀಗೆಯೇ ಬೆರಳು ಬೆರಳಲ್ಲಿ ಸೇರಿಸಿ. ಮತ್ತು ಈ ಕೂಸು ಇನ್ನು ಸ್ವಲ್ಪ ಹೊತ್ತಿಗೆ ಆ ಕೆನೆ ಬಣ್ಣದ ಕಾರಿನಲ್ಲಿ ಕೂತು ಡೋಣಿಯ ಇಳಿಜಾರಿಗೆ ಹೋಗುವುದಿತ್ತು. ಬೆಳಗಿನಿಂದ ಅರ್ಧಕ್ಕೆ ಬಿಟ್ಟಿದ್ದ ಯೋಚನೆ ಈಗ ತಾನಾಗಿಯೇ ಪೂರ್ತಿಯಾಯಿತು.

ಬೋರವ್ವ ಮೊಣಕಾಲೂರಿ ಕೂತು ರಿಬ್ಬನ್ನು ಕಟ್ಟಿದಳು. ಬಿಗಿಯಾಗಿ ಕಟ್ಟಿದಳು. ಎದ್ದು ನೋಡಿದರೆ ಅಮಸಿದ್ದ ಎದುರಿಗೇ ನಿಂತಿದ್ದ, ಮುಖ ಸುಣ್ಣವಾಗಿತ್ತು. ಅವನತ್ತ ನೋಡದೆ ಅವಳು ಹುಚ್ಚವ್ವನ ಬಳಿ ಹೋದಳು.

"ಒಳಗ ಬರ್ರಿ ಯವ್ವಾ. ಮುತ್ತೈದಿ ಮನಿಗೆ ಬಂದೀರಿ, ಉಡಿ ತುಂಬತೇನಿ."

ದೇವರ ಕೋಣೆಯ ಬಾಗಿಲು ಮುಂದಕ್ಕೆ ಮಾಡಿ, ಮಣೆ ಹಾಕಿ ಕೂರಿಸಿದಳು. ಅಕ್ಕಿ, ಕುಪ್ಪಸದ ಕಣ, ಎಲೆ ಅಡಿಕೆ ಎಲ್ಲ ಕ್ರಮವಾಗಿ ಉಡಿಗೆ ಹಾಕಿದಳು. ಕುಂಕುಮ ಹಚ್ಚಲು ಬಗ್ಗಿದವಳು ಅಲ್ಲೇ, ಮುದುಕಿಯ ಕಿವಿಯ ಹತ್ತಿರ, ಮೆಲ್ಲಗೆ ಅಂದಳು:

"ನಾ ಟಿಕೋಟದವಾಕಿರಿ. ಮಲಕವ್ವನ ಅಕ್ಕ."

ಹುಚ್ಚವ್ವನ ಉಡಿ ಹಿಡಿದ ಕೈ ಸಡಿಲವಾಗಿ ನಾಲ್ಕು ಕಾಳು ಅಕ್ಕಿ ಚೆಲ್ಲಿದವು.

"ಮೊಮ್ಮಗಳ ರಿಬ್ಬನ್ ಬಿಚ್ಚಿತ್ತು. ನಾನ ಕಟ್ಟೇನಿ. ಗಟ್ಟಿ ಕಟ್ಟೇನಿ."

ಮುದುಕಿಯ ಆ ಸೂಜಿಯ ಕಣ್ಣಲ್ಲಿ ನೀರು ಬಂತು. "ಐದ ವರ್ಷದ ಕೂಸ ಐತಿ ತಂಗಿ…"

"ನಮ್ಮ ಮಲಕವ್ವಗ ಹದಿನೆಂಟಿತ್ತು. ಆಕೀನೂ ಯಾರದೋ ಕೂಸ ಇತ್ತಲ್ರಿ."

"ಏನ ಬೇಕ ನಿನಗ?"

"ನೀಲಿ ಗಾಡಿ ತಗೋರಿ. ಸುಳಿ ಇದ್ದದ್ದು. ಹಿಂದ ಅಲ್ಲ, ಮುಂದಿನ ಸೀಟಿನ್ಯಾಗ ಕುಂದ್ರಬೇಕು ನೀವು, ದಿನಾ, ಅದನ್ನ ನೋಡಕೋತ. ಯಾರನ್ನ ತಿಂತೈತಿ ನೋಡೋಣು. ಮತ್ತ ಬರೂ ಆಯಿತವಾರ ಅದರಾಗನ ಟಿಕೋಟಕ್ಕ ಬರ್ರಿ. ಅವತ್ತ ಯಾರ್ಯಾರಿಗೆ ನಮ್ಮ ಹುಡಿಗಿ ಕುತಗಿ ತೋರಿಸಿದ್ರೋ, ಅಷ್ಟೂ ಮಂದೀನ ನಾ ಕರಸತೇನಿ. ಅವರ ಮುಂದ ನನ್ನ ಕಣ್ಣ ತಪ್ಪಿತ್ತು ಅನ್ರಿ."

"ಬರದಿದ್ರ?"

ಬೋರವ್ವ ಕುಂಕುಮದ ಬಟ್ಟಲ ಮುಚ್ಚಳ ಹಾಕಿದಳು. "ಗಂಟ ನಾ ಹಾಕೇನಿ. ಬಿಚ್ಚೂದು ನಿಮ್ಮ ಕೈಯಾಗ ಐತಿ."

ಹುಚ್ಚವ್ವ ಹೊರಗೆ ಬಂದಳು. "ನೀಲೀದ ತಗೋ," ಅಂದಳು ಮಗನಿಗೆ. ಹುಡುಗಿ ಚಪ್ಪಾಳೆ ತಟ್ಟಿತು. ಮುಂದಿನ ಸೀಟಿನಲ್ಲಿ ಮುದುಕಿ ಕೂತಾಗ ಬಿಸಿಲು ಸರಿಯಾಗಿ ಬಾನೆಟ್ಟಿನ ಮೇಲಿತ್ತು. ಅವಳ ಮುಖವನ್ನು ಬೋರವ್ವ ಕಣ್ತುಂಬ ನೋಡಿದಳು. ತನಗೆ ಬೇಕಿದ್ದ ಕಾರು ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

ಧೂಳು ಅಡಗಿದ ಮೇಲೆ ಕಾಸಿಮಸಾಬನಿಗೆ ಅಂದಳು: "ಈ ಕೆನೆ ಬಣ್ಣದ್ದರ ಹಿಂದಿನ ಗಾಲಿ ಕಡೆ ಏನೋ ಸೋರಾಕತ್ತೇತಿ, ನೋಡ್ರಿ."

ಕಾಸಿಮಸಾಬ ಕೆಳಗೆ ತೂರಿ ನೋಡಿದ. ಹೊರಗೆ ಬಂದವನು ಬೆರಳು ಮೂಸಿದ. ಇನ್ನೊಂದು ಸಲ ಮೂಸಿದ. ನೀಲಿ ಕಾರಿನ ಬಾನೆಟ್ಟಿನ ಆ ಕಲೆಯನ್ನು ಒರೆಸಿ ನೋಡಿದಾಗಲೂ ಅದೇ ವಾಸನೆ ಬಂದಿತ್ತು. ಅವನು ಪೇಪರಿನ ಮೇಲೆ ಉಳಿದಿದ್ದ ವಾಟಿಯ ದುಂಡನೆಯ ಗುರುತನ್ನು ನೋಡಿದ, ಆಮೇಲೆ ಬೋರವ್ವನನ್ನು ನೋಡಿದ.

"ರಾತ್ರಿಯಿಂದ ಸೋರೇತ್ರಿ ಇದು," ಅಂದ. "ನಾ ಮೊನ್ನೆ ನೋಡಿದಾಗ ಏನೂ ಇದ್ದಿದ್ದಿಲ್ಲ. ಇವತ್ತ ಇದರಾಗ ನಾನ ಆ ಕೂಸನ್ನ ಕುಂದ್ರಿಸಿ ಕಳಸ್ತಿದ್ದೆ ಅಕ್ಕೋರ."

ಬೋರವ್ವ ಆ ಪೇಪರನ್ನು ಎಳೆದು ಮಡಚಿದಳು. ಅವನು ಕೈ ಒರೆಸಿಕೊಂಡು ಸಾಮಾನು ತರಲು ಹೋದ. ಅಂದಿನಿಂದ ಅವನು ಅವಳ ಮನೆಯ ಚಹಾ ಕುಡಿಯುವಾಗ ಎಂದಿನಂತೆ ನಗೆಯಾಡಲಿಲ್ಲ, ಅಷ್ಟೇ.

ಆಯಿತವಾರ ಟಿಕೋಟದ ಪಡಸಾಲೆ ಹೆಂಗಸರಿಂದ ತುಂಬಿತ್ತು. ಬ್ರೇಕು ರಿಪೇರಿಯಾದ ಕೆನೆ ಬಣ್ಣದ ಕಾರಿನಲ್ಲಿ ಬೋರವ್ವ ಮತ್ತು ಅಮೋಘಿ ಮುಂಜಾನೆಯೇ ಬಂದಿದ್ದರು. ಆ ಕಾರು ಅಮೋಘಿಗೆ ಬಹಳ ಸೇರಿತ್ತು. ಹತ್ತು ಗಂಟೆಗೆ ನೀಲಿ ಕಾರು ಬಂದು ನಿಂತಿತು. ಹಿಂದಿನ ಬಾಗಿಲಿಂದ ಜಿಗಿದ ಸಾವಂತ್ರಿ ಎಲ್ಲರಿಗೂ ಕೇಳುವ ಹಾಗೆ, "ದಾರಿ ತುಂಬಾ ಆಯಿ ಕಣ್ಣ ಮುಚಗೊಂಡ ಕುಂತಿತ್ತು!" ಎಂದು ವರದಿ ಕೊಟ್ಟಿತು.

ಹುಚ್ಚವ್ವ ನಡುಮನೆಯಲ್ಲಿ ಕೂತಳು. ಎದುರಿಗೆ ಮಲಕವ್ವ, ಕುತ್ತಿಗೆಗೆ ಸೆರಗು. ಮುದುಕಿ ನೆಲ ನೋಡುತ್ತ ಏನೋ ಗೊಣಗಿದಳು.

"ಹಿಂದ ಕುಂತವರಿಗೆ ಕೇಳಿಸಲಿಲ್ರಿ," ಅಂದಳು ಬೋರವ್ವ ಕಂಬಕ್ಕೆ ಒರಗಿ. "ಇನ್ನೊಮ್ಮೆ ಹೇಳ್ರಿ."

"ನನ್ನ… ನನ್ನ ಕಣ್ಣ ತಪ್ಪಿತ್ತು. ಹುಡಿಗಿದೇನೂ ತಪ್ಪಿಲ್ಲ."

"ಇನ್ನೊಮ್ಮೆ."

ಮೂರನೆಯ ಸಲ ಮುದುಕಿಯ ದನಿ ಒಡೆಯಿತು. ಬೋರವ್ವ ಆ ಒಡಕಿಗೆ ಆರು ವರ್ಷದಿಂದ ಕಾದಿದ್ದಳು. ಕಿವಿ ತುಂಬ ಕೇಳಿದಳು.

ಆಗ ಮಲಕವ್ವ ನಕ್ಕಳು. "ಕಣ್ಣ ತಪ್ಪಿದ್ದಿಲ್ರಿ," ಅಂದಳು. "ಸುಳಿ ಐತಿ. ಎರಡ ಕನ್ನಡಿ ಹಿಡದ ನಾನೂ ನೋಡ್ಕೊಂಡೇನಿ. ಇಷ್ಟ ವರ್ಷಾತು, ಒಂದ ಇರಿವಿ ಸೈತ ತಿಂದಿಲ್ಲ ಅದು. ನಿಮ್ಮ ಬಾಯಿ ತಿಂದಷ್ಟು ಮಂದಿನ್ನ ನನ್ನ ಸುಳಿ ತಿಂದಿಲ್ಲ." ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ಮಲಕವ್ವ ಕುತ್ತಿಗೆಯ ಸೆರಗನ್ನು ಬಿಚ್ಚಿ, ಸೆಕೆಗೆ ಗಾಳಿ ಹಾಕಿಕೊಂಡಳು.

ಸಾವಂತ್ರಿ ಅವಳ ಬೆನ್ನ ಹಿಂದೆ ನಿಂತಿತ್ತು. ಬಾಯಿ ತೆರೆದುಕೊಂಡು ನೋಡಿತು. ಮೆಲ್ಲಗೆ ಒಂದು ಬೆರಳು ಚಾಚಿ ಆ ಸುತ್ತನ್ನು ಮುಟ್ಟಿತು, ಆಮೇಲೆ ಅದೇ ಬೆರಳಿಂದ ತನ್ನ ರಿಬ್ಬನ್ನು ಮುಟ್ಟಿಕೊಂಡಿತು. ಮಲಕವ್ವ ತಿರುಗಿ ನೋಡಿದಳು. ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಗೋಡೆಯ ಕಡೆಗೆ ಬೆನ್ನಾಗುವ ಹಾಗೆ ಕೂರಿಸಿ, ಆ ಬಿಗಿ ರಿಬ್ಬನ್ನನ್ನು ಬಿಚ್ಚಿ ಸಡಿಲಾಗಿ ಕಟ್ಟಿದಳು.

ಎಲ್ಲರೂ ಹೋದ ಮೇಲೆ ಮಲಕವ್ವ ಅಕ್ಕನ ಪಕ್ಕದಲ್ಲಿ ಕೂತಳು. "ಖರೆ ಹೇಳ ಅಕ್ಕಾ. ಆಕೀನ ಹೆಂಗ ಎಳಕೊಂಡ ಬಂದಿ?"

"ಆಕಿಗೇ ಅನಿಸಿರಬೇಕು ಬಿಡು."

"ನಿನ್ನ ಮುಖ ನೋಡಿದ್ರ ಹಂಗ ಕಾಣವಲ್ದು."

ಬೋರವ್ವ ಅಂಗಳದಲ್ಲಿ ನಿಂತಿದ್ದ ಕೆನೆ ಬಣ್ಣದ ಕಾರನ್ನು ನೋಡಿದಳು. ಕಾಸಿಮಸಾಬ ಹೊಸ ರಬ್ಬರು ಹಾಕಿದ್ದ, ಈಗ ಒಂದು ಹನಿಯೂ ಸೋರುತ್ತಿರಲಿಲ್ಲ. ಆದರೂ ರಾತ್ರಿ ಅವಳಿಗೆ ಎಚ್ಚರವಾಗುತ್ತಿತ್ತು, ಕಿವಿ ಕಾಯುತ್ತಿತ್ತು. ಆ ಸಾರಿನ ವಾಟಿಯನ್ನು ಮೂರು ಸಲ ಬೂದಿ ಹಚ್ಚಿ ತಿಕ್ಕಿದ್ದರೂ ಅಡುಗೆಮನೆಗೆ ಒಯ್ಯಲು ಮನಸ್ಸಾಗಿರಲಿಲ್ಲ. ಅಮೋಘಿ ಅದನ್ನು ಸ್ಕ್ರೂ, ನಟ್ಟು ಹಾಕಿಡಲು ತೆಗೆದುಕೊಂಡಿದ್ದ.

ಸಾವಂತ್ರಿಯ ರಿಬ್ಬನ್ನಿನ ಕೆಳಗಿನದು ಅವಳು ಹೇಳುವ ಮಾತಲ್ಲ. ಅದು ಮುದುಕಿಗೆ ಕೊಟ್ಟ ಮಾತು. ಬಾನೆಟ್ಟಿನ ಮೇಲೆ ಸುಳಿ ಎಳೆದದ್ದನ್ನು ಬೇಕಾದರೆ ಎಂದಾದರೂ ಗಂಡನಿಗೆ ಹೇಳಿ ಇಬ್ಬರೂ ನಗಬಹುದಿತ್ತು. ಆದರೆ ಹನಿಯ ಸದ್ದು ಕೇಳಿದ ರಾತ್ರಿಯಿಂದ ಆ ಕೂಸು ಕುತ್ತಿಗೆ ಮುಚ್ಚಿಕೊಂಡ ಗಳಿಗೆಯವರೆಗೆ, ವಾಟಿಯಲ್ಲಿ ಏನಿದೆಯೆಂದು ಬಲ್ಲವಳಾಗಿಯೂ ತಾನು ಚಹಾ ಕಾಸುತ್ತ, ಬೆಲ್ಲ ಹಂಚುತ್ತ, ಹೋಗು ಎಂದು ಮನಸ್ಸಿನಲ್ಲಿ ಹರಸುತ್ತ ನಿಂತಿದ್ದಳಲ್ಲ, ಅದನ್ನು ಕೇಳಿದರೆ ಮಲಕವ್ವ ಮತ್ತೆ ಸೆರಗು ಸುತ್ತಿಕೊಂಡಾಳು.

ಹೇಳಬಾರದು ಎಂದುಕೊಂಡಳು ಬೋರವ್ವ. ತಂಗಿಗೂ ಇಲ್ಲ, ಗಂಡನಿಗೂ ಇಲ್ಲ, ಯಾರಿಗೂ ಇಲ್ಲ.

"ಏಳು," ಅಂದಳು. "ಕಾರಿನ್ಯಾಗ ಒಂದ ಸುತ್ತ ಹೋಗಿ ಬರೋಣು. ಬ್ರೇಕ್ ಚಲೋ ಅದಾವ."